ಚೀಗಾಂಗ್ ಕಲಿಯಲು ಚೀನಾಕ್ಕೆ: ಮೊದಲು ವರಸೆ, ಆಮೇಲೆ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಚೀನಾಕ್ಕೆ ಹೋಗಿ ಚೀಗಾಂಗ್ ಕಲಿಯಬೇಕೆಂದು ಹೊರಡುವವರಲ್ಲಿ ಬಹಳ ಮಂದಿ ಮೊದಲು ಒಂದು ಬೆಟ್ಟವನ್ನು ಆರಿಸಿಕೊಳ್ಳುತ್ತಾರೆ, ಟಿಕೆಟ್ ತೆಗೆಸುತ್ತಾರೆ. ಏನು ಕಲಿಯುವುದು ಎಂಬುದನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎನ್ನುತ್ತಾರೆ. ಈ ಕ್ರಮ ತಲೆಕೆಳಗು. ಮೊದಲು ಯಾವ ವರಸೆ ಎಂಬುದು ತೀರ್ಮಾನವಾಗಬೇಕು. ಆಮೇಲೆ ಊರು, ಆಮೇಲೆ ವೀಸಾ, ಟಿಕೆಟ್ ಕಟ್ಟಕಡೆಗೆ. ಹೀಗೆ ಹೇಳಲು ಕಾರಣವಿದೆ: ಚೀಗಾಂಗ್ ಎನ್ನುವುದು ಒಂದು ವ್ಯಾಯಾಮದ ಹೆಸರಲ್ಲ, ಚಲನೆ, ಉಸಿರು, ಗಮನ ಇವನ್ನು ಕೂಡಿಸಿ ಮಾಡುವ ನೂರಾರು ವರಸೆಗಳಿಗೆ ಒಟ್ಟಾಗಿ ಇಟ್ಟ ಹೆಸರು.

‘ಚೀ’ ಎಂದರೆ ಉಸಿರು, ಪ್ರಾಣ. ‘ಗಾಂಗ್’ ಎಂದರೆ ದಿನವೂ ಮಾಡಿ ಮಾಡಿ ಕೈಗೂಡಿಸಿಕೊಂಡದ್ದು. ವಿದ್ಯೆ ಬಹಳ ಹಳೆಯದು. ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಬಳಿ ಮವಾಂಗ್‌ದುಯಿ ಎಂಬಲ್ಲಿ 1970ರ ದಶಕದಲ್ಲಿ ಒಂದು ಸಮಾಧಿ ಅಗೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರವೊಂದು ಸಿಕ್ಕಿತು. ಅದರಲ್ಲಿ ಬಾಗುವ, ಚಾಚುವ, ಉಸಿರೆಳೆಯುವ 44 ಆಕೃತಿಗಳಿವೆ. ಆ ಸಮಾಧಿ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಆದರೆ ಇವುಗಳಿಗೆಲ್ಲ ಚೀಗಾಂಗ್ ಎಂಬ ಹೆಸರು ಬಳಕೆಗೆ ಬಂದದ್ದು 1950ರ ದಶಕದಲ್ಲಿ, ಹೆಬೇ ಪ್ರಾಂತ್ಯದ ತಾಂಗ್‌ಶಾನ್‌ನಲ್ಲಿ ಲಿಯು ಗುಯಿಝೆನ್ ಎಂಬವರು ಇದನ್ನು ಚಿಕಿತ್ಸಾಲಯಕ್ಕೆ ತಂದ ಕಾಲಕ್ಕೆ.

ಇಂದು ಹೊರಗಿನವರು ಕಲಿಯಲು ಅನುಕೂಲವಾದ ವರಸೆಗಳು ಮುಖ್ಯವಾಗಿ ನಾಲ್ಕು. ಚೀನಾದ ಕ್ರೀಡಾ ಆಡಳಿತ 2003ರಲ್ಲಿ ಇವಕ್ಕೆ ಒಂದು ನಿಗದಿತ ರೂಪ ಕೊಟ್ಟಿತು. ಬಾದುವಾನ್‌ಜಿನ್ ಎಂದರೆ ಎಂಟು ತುಂಡು ಜರತಾರಿ, ಎಂಟು ಚಲನೆಗಳು. ವುಚಿನ್‌ಶಿ ಎಂದರೆ ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ, ಈ ಐದು ಪ್ರಾಣಿಗಳ ಆಟ. ಹುವಾ ತುವೊ ಎಂಬ ಪ್ರಾಚೀನ ವೈದ್ಯನದೆಂಬ ಪ್ರತೀತಿ. ಯಿಜಿನ್‌ಜಿಂಗ್ ಸ್ನಾಯುರಜ್ಜುಗಳನ್ನು ಪಳಗಿಸುವುದು. ಲಿಯುಜುಜುವೆಯಲ್ಲಿ ಆರು ಅಕ್ಷರಗಳನ್ನು ಉಸಿರು ಬಿಡುತ್ತ ಉಚ್ಚರಿಸಬೇಕು.

ಮೊದಲ ಪ್ರವಾಸಕ್ಕೆ ಬಾದುವಾನ್‌ಜಿನ್ ಒಂದೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೂರ್ತಿ ವರಸೆಗೆ ಹನ್ನೆರಡು ಹದಿಮೂರು ನಿಮಿಷ ಸಾಕು, ಒಂದು ಚಾಪೆಯಷ್ಟು ಜಾಗ ಸಾಕು. ಮನೆಗೆ ಮರಳಿದ ಮೇಲೂ ಉಳಿಯುವ ವರಸೆ ಇದು. ಮೂರು ವಾರದಲ್ಲಿ ನಾಲ್ಕು ವರಸೆ ಕಲಿಸುತ್ತೇವೆ ಎನ್ನುವ ಶಾಲೆಯಿಂದ ಬಂದವರಿಗೆ ಆರು ತಿಂಗಳ ನಂತರ ಒಂದೂ ನೆನಪಿರುವುದಿಲ್ಲ.

ಹೊರಡುವ ಮುನ್ನ ಮನೆಯಲ್ಲೇ ಹನ್ನೆರಡು ವಾರದ ತಯಾರಿ ಬೇಕು. ಚಲನೆಗಳ ಕ್ರಮವನ್ನು ವಿಡಿಯೊ ನೋಡಿಯೂ ಬಾಯಿಪಾಠ ಮಾಡಬಹುದು. ವಿಡಿಯೊ ಕೊಡಲಾಗದ್ದು ಗುರು ನಿಮ್ಮ ಭುಜದ ಮೇಲೆ ಕೈಯಿಟ್ಟು ‘ಇಲ್ಲಿ ಬಿಗಿ ಇದೆ, ಬಿಡಿ’ ಎನ್ನುವ ತಿದ್ದುಪಡಿ. ಅಷ್ಟು ದೂರ ಹೋಗುವುದು ಆ ತಿದ್ದುಪಡಿಗಾಗಿ. ಕ್ರಮವನ್ನೇ ಅಲ್ಲಿ ಕಲಿಯಲು ಕೂತರೆ ಮೊದಲ ವಾರ ಅದರಲ್ಲೇ ಕಳೆಯುತ್ತದೆ.

ತಯಾರಿಯಲ್ಲಿ ಮೊದಲನೆಯದು ನಿಲ್ಲುವುದು. ಪಾದಗಳ ನಡುವೆ ಭುಜದಷ್ಟು ಅಗಲ, ಬೆರಳುಗಳು ನೇರ ಮುಂದಕ್ಕೆ, ಮಂಡಿ ಒಂದಿಷ್ಟು ಸಡಿಲ, ಬಾಲದೆಲುಬು ಕೆಳಕ್ಕೆ ಇಳಿಬಿಟ್ಟಂತೆ, ಕಂಕುಳಲ್ಲಿ ಒಂದು ಕೋಳಿಮೊಟ್ಟೆ ಹಿಡಿಯುವಷ್ಟು ಖಾಲಿ, ನಾಲಿಗೆಯ ತುದಿ ಮೇಲಿನ ಅಂಗುಳಕ್ಕೆ. ತೋಳುಗಳು ಮರವನ್ನು ತಬ್ಬಿದ ಹಾಗೆ. ಮೊದಲ ವಾರ 5 ನಿಮಿಷ, ಆಮೇಲೆ ವಾರಕ್ಕೆ ಎರಡು ನಿಮಿಷ ಹೆಚ್ಚಿಸುತ್ತ 20ರವರೆಗೆ. ತೊಡೆ ನಡುಗುವುದು ಸಹಜ. ಮಂಡಿಯಲ್ಲಿ ನೋವು ಬಂದರೆ ಅದು ಸಹಜವಲ್ಲ. ಮಂಡಿ ಒಳಕ್ಕೆ ಬಿದ್ದಿದೆ ಅಥವಾ ಕಾಲ್ಬೆರಳನ್ನು ದಾಟಿ ಮುಂದೆ ಹೋಗಿದೆ ಎಂದು ತಿಳಿಯಿರಿ, ಸ್ವಲ್ಪ ಎದ್ದು ನಿಲ್ಲಿ.

ಕರ್ನಾಟಕದಲ್ಲಿ ಯೋಗ ಮಾಡಿ ರೂಢಿಯಿರುವವರಿಗೆ ಇಲ್ಲೊಂದು ತೊಡಕಿದೆ. ಯೋಗದ ಅಭ್ಯಾಸ ಸಹಾಯಕ್ಕೆ ಬರುತ್ತದೆ, ಅಡ್ಡಿಯೂ ಆಗುತ್ತದೆ. ತಾಡಾಸನದಲ್ಲಿ ಮಂಡಿಚಿಪ್ಪು ಮೇಲಕ್ಕೆಳೆದು ಕಾಲು ಗಟ್ಟಿ ಮಾಡುತ್ತೇವೆ. ಇಲ್ಲಿ ಮಂಡಿ ಬಿಗಿದರೆ ಗುರು ಬಂದು ತಟ್ಟುತ್ತಾರೆ. ಪ್ರಾಣಾಯಾಮದಲ್ಲಿ ಕುಂಭಕವಿದೆ, ಇಲ್ಲಿ ಕಲಿಯುವ ಹಂತದಲ್ಲಿ ಉಸಿರು ಕಟ್ಟುವಂತಿಲ್ಲ, ತಾನಾಗಿ ಬಂದು ಹೋಗಬೇಕು. ಆಸನದಲ್ಲಿ ಎಟುಕುವಷ್ಟೂ ಚಾಚುವ ಆಸೆ. ಇಲ್ಲಿ ಹತ್ತರಲ್ಲಿ ಏಳು ಪಾಲು ಚಾಚಿದರೆ ಸಾಕು. ಚೀಗಾಂಗ್ ಮಾಡಿದೆ, ತಲೆ ಭಾರವಾಯಿತು ಎಂದು ದೂರುವವರಲ್ಲಿ ಹೆಚ್ಚಿನವರು ಚಲನೆಗೆ ಹೊಂದಿಸಲು ಹೋಗಿ ಉಸಿರನ್ನು ಬಲವಂತ ಮಾಡಿರುತ್ತಾರೆ. ಚಲನೆ ಉದ್ದವಾಗಿ ಉಸಿರು ಮುಗಿದುಹೋದರೆ ನಡುವೆ ಇನ್ನೊಂದು ಉಸಿರು ತೆಗೆದುಕೊಳ್ಳಿ, ಏನೂ ಕೆಡುವುದಿಲ್ಲ.

ಬಾದುವಾನ್‌ಜಿನ್‌ನ ಎಂಟು ಚಲನೆಗಳಲ್ಲಿ ಮೂರರ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಆರನೆಯದರಲ್ಲಿ ಎರಡೂ ಕೈ ಬೆನ್ನಿನಿಂದ ಇಳಿದು ಪಾದ ಮುಟ್ಟುತ್ತವೆ; ತಲೆ ಹೃದಯಕ್ಕಿಂತ ಕೆಳಗೆ ಹೋಗುವುದರಿಂದ ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ಮಂಡಿಯ ಮಟ್ಟದಲ್ಲೇ ನಿಲ್ಲಿಸಬೇಕು. ಏಳನೆಯದರಲ್ಲಿ ಮುಷ್ಟಿ ಬಿಗಿದು ಕಣ್ಣು ಅಗಲಿಸುವಾಗ ಉಸಿರು ಕಟ್ಟಿಕೊಳ್ಳುವುದು ಬಹಳ ಜನರಿಗೆ ಗೊತ್ತಾಗದೆ ಆಗುವ ತಪ್ಪು. ಎಂಟನೆಯದರಲ್ಲಿ ಹಿಮ್ಮಡಿ ಎತ್ತಿ ನೆಲಕ್ಕೆ ಬಿಡುವುದು, ಏಳು ಸಲ. ಮೂಳೆ ಸವೆತ, ಬೆನ್ನಿನ ಡಿಸ್ಕ್ ತೊಂದರೆ ಇದ್ದವರು ಹಿಮ್ಮಡಿಯನ್ನು ಬಿಡದೆ ಮೆಲ್ಲನೆ ಇಳಿಸಬೇಕು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ದಿನಕ್ಕೆ ಹಲವು ಗಂಟೆ ಕಣ್ಣು ಮುಚ್ಚಿ ಕೂತು ಒಳಗೆ ಚೀ ಹರಿಯುವುದನ್ನು ಕಲ್ಪಿಸಿಕೊಳ್ಳುವ ತೀವ್ರ ಸಾಧನೆಗಳಿವೆ. ಅದು ಹದ ತಪ್ಪಿದರೆ ಆಗುವ ಕೆಡುಕಿಗೆ ಚೀನೀಯರಲ್ಲೇ ಒಂದು ಹಳೆಯ ಮಾತಿದೆ: ‘ಬೆಂಕಿ ದಾರಿ ತಪ್ಪಿತು, ಪಿಶಾಚಿ ಹೊಕ್ಕಿತು’. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ರೋಗಗಳ ಪಟ್ಟಿಯಲ್ಲೂ ಚೀಗಾಂಗ್‌ನಿಂದಾಗುವ ಮನೋವಿಕಾರದ ಉಲ್ಲೇಖವಿತ್ತು. ಹಿಂದೆ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಂಡವರು ಇಂಥ ಶಿಬಿರಕ್ಕೆ ಸೇರಬಾರದು. ಚಲನೆಯ ವರಸೆಗಳಿಗೂ ತಮ್ಮ ವೈದ್ಯರ ಒಪ್ಪಿಗೆ ಪಡೆಯಬೇಕು.

ಈಗ ಊರು. ನಿಗದಿತ ರೂಪವನ್ನು ಶಿಸ್ತಾಗಿ ಕಲಿಯಬೇಕೆಂದರೆ ಬೀಜಿಂಗ್, ಶಾಂಘೈ, ಚೆಂಗ್ದು ನಗರಗಳ ಚೀನೀ ವೈದ್ಯಪದ್ಧತಿಯ ವಿಶ್ವವಿದ್ಯಾಲಯಗಳನ್ನು ಮೊದಲು ವಿಚಾರಿಸಿ. ಬೆಟ್ಟದ ವಾತಾವರಣವೇ ಬೇಕೆಂದರೆ ಹುಬೇ ಪ್ರಾಂತ್ಯದ ವುದಾಂಗ್. ತಾವೊ ಪಂಥದ ಕ್ಷೇತ್ರ, 1994ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಹೊರದೇಶದವರನ್ನು ಸೇರಿಸಿಕೊಳ್ಳುವ ಖಾಸಗಿ ಶಾಲೆಗಳು ಹಲವು. ನಮ್ಮ ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವವರನ್ನು ನೆನೆದುಕೊಳ್ಳಿ, ಹೆಚ್ಚುಕಡಿಮೆ ಅದೇ ಬಗೆ. ಆದರೆ ಅಲ್ಲಿನ ಐದು ಪ್ರಾಣಿಗಳ ವರಸೆ ಎಂದರೆ ಸಾಮಾನ್ಯವಾಗಿ ಆಮೆ, ಕೊಕ್ಕರೆ, ಹಾವು, ಹುಲಿ, ಡ್ರ್ಯಾಗನ್. ಹೆಸರು ಕೇಳಿ ಹೋದವರಿಗೆ ಬೇರೆಯದೇ ವಿದ್ಯೆ ಸಿಗುತ್ತದೆ. ಆದ್ದರಿಂದಲೇ ಮೊದಲು ವರಸೆ, ಆಮೇಲೆ ಊರು ಎಂದದ್ದು.

ಶಾಲೆಗೆ ಹಣ ಕಳಿಸುವ ಮುನ್ನ ಪತ್ರ ಬರೆದು ಕೇಳಿ. ದಿನವೂ ಪಾಠ ಹೇಳುವವರು ಮುಖ್ಯ ಗುರುವೋ ಹಿರಿಯ ಶಿಷ್ಯರೋ? ಒಬ್ಬ ಗುರುವಿಗೆ ಎಷ್ಟು ಮಂದಿ? ಹತ್ತು ದಾಟಿದರೆ ತಿದ್ದುಪಡಿ ಸಿಗುವುದು ಕಷ್ಟ. ದುಭಾಷಿ ತರಗತಿಯಲ್ಲಿ ಇರುತ್ತಾರೋ, ಊಟದ ಹೊತ್ತಿಗೆ ಮಾತ್ರವೋ? ವೀಸಾ ಸಿಗದಿದ್ದರೆ ಮುಂಗಡ ವಾಪಸಾಗುತ್ತದೆಯೇ? ಕೊನೆಯಲ್ಲಿ ಪ್ರಮಾಣಪತ್ರ ಕೊಡುತ್ತೇವೆ ಎಂದರೆ, ಯಾವ ಸಂಸ್ಥೆಯ ಹೆಸರಿನಲ್ಲಿ ಎಂದೂ ಕೇಳಿ. ಕೈಯಿಂದ ಚೀ ಹೊಮ್ಮಿಸಿ ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಬರೆದುಬಂದರೆ ಅಲ್ಲಿಗೇ ಬಿಟ್ಟುಬಿಡಿ. 1980, 90ರ ದಶಕಗಳಲ್ಲಿ ಚೀನಾದಲ್ಲೇ ಇಂಥ ಪವಾಡಗಳ ಜ್ವರ ಎದ್ದಿತ್ತು. 1999ರಲ್ಲಿ, ಚೀಗಾಂಗ್‌ನಿಂದಲೇ ಬೆಳೆದ ಫಾಲುನ್ ಗಾಂಗ್ ಎಂಬ ಪಂಥದ ನಿಷೇಧವಾದ ಮೇಲೆ ಗುಂಪುಗೂಡಿ ಮಾಡುವ ಚೀಗಾಂಗ್ ಮೇಲೆ ಸರ್ಕಾರದ ಕಣ್ಣು ಬಿಗಿಯಾಯಿತು. ಆ ಪಂಥದ ಪುಸ್ತಕ, ಕರಪತ್ರ ಯಾವುದೂ ನಿಮ್ಮ ಚೀಲದಲ್ಲಾಗಲಿ ಫೋನಿನಲ್ಲಾಗಲಿ ಇರಕೂಡದು.

ಭಾರತದ ಸಾಮಾನ್ಯ ಪಾಸ್‌ಪೋರ್ಟ್‌ಗೆ ವೀಸಾ ಮೊದಲೇ ಬೇಕು. ಪ್ರವಾಸಕ್ಕೆ ಎಲ್ ವೀಸಾ. ಪ್ರವೇಶಪತ್ರ ಕೊಡುವ ಸಂಸ್ಥೆಯಲ್ಲಿ 180 ದಿನದೊಳಗಿನ ಓದಿಗೆ ಎಕ್ಸ್-2. ನಿಮ್ಮ ತರಗತಿಗೆ ಯಾವುದು ಸರಿ ಎಂದು ಶಾಲೆಯನ್ನೂ ದೂತಾವಾಸವನ್ನೂ ಕೇಳಿ. ವೀಸಾ ಚೀಟಿಯ ಮೇಲೆ ಒಳಬರಲು ಕೊನೆಯ ದಿನ ಬೇರೆ ಇರುತ್ತದೆ, ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆ. ಮೊದಲನೆಯದನ್ನು ನೋಡಿ ಅಲ್ಲಿಯವರೆಗೂ ಇರಬಹುದೆಂದು ತಿಳಿದು ಸಿಕ್ಕಿಬೀಳುವವರಿದ್ದಾರೆ. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ನಡುವೆ ಹಾಂಗ್‌ಕಾಂಗ್ ನೋಡಿಬರಲು ಹೋದರೂ ಅಷ್ಟೇ, ಮರಳಿ ಒಳಗೆ ಬರಲಾಗುವುದಿಲ್ಲ. ಹೋಟೆಲಿನಲ್ಲಿ ಇಳಿದರೆ ಪೊಲೀಸ್ ನೋಂದಣಿಯನ್ನು ಅವರೇ ಮಾಡುತ್ತಾರೆ. ಮನೆಯಲ್ಲೋ ಗುರುಗಳ ಅಂಗಳದಲ್ಲೋ ಇಳಿದರೆ 24 ಗಂಟೆಯೊಳಗೆ ಹತ್ತಿರದ ಠಾಣೆಯಲ್ಲಿ ನೋಂದಾಯಿಸಬೇಕು.

2020ರಲ್ಲಿ ನಿಂತಿದ್ದ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾ–ಗುವಾಂಗ್‌ಝೌ ಮಾರ್ಗದಿಂದ ಮತ್ತೆ ಶುರುವಾಯಿತು. ಗುವಾಂಗ್‌ಝೌನಿಂದ ವುಹಾನ್‌ಗೆ, ವುಹಾನ್‌ನಿಂದ ವುದಾಂಗ್ ಕಡೆಗೆ ವೇಗದ ರೈಲುಗಳಿವೆ, ಪಾಸ್‌ಪೋರ್ಟೇ ಟಿಕೆಟ್. ಚೀನಾದೊಳಗಿನ ವಿಮಾನ ಹಿಡಿಯುವುದಾದರೆ ಇಲ್ಲಿ ಕೊಂಡ ಪವರ್ ಬ್ಯಾಂಕ್ ಒಯ್ಯಬೇಡಿ. ‘3ಸಿ’ ಎಂಬ ಚೀನಾದ ಸುರಕ್ಷತಾ ಗುರುತಿಲ್ಲದವನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಏಪ್ರಿಲ್–ಮೇ, ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ಹವೆ. ಆದರೆ ಮೇ ಮೊದಲ ವಾರ, ಅಕ್ಟೋಬರ್ ಮೊದಲ ವಾರ ಅಲ್ಲಿ ರಜೆಯ ಜಾತ್ರೆ. ರೈಲಿಗೂ ಕೋಣೆಗೂ ಪರದಾಟ.

ಹಣ ಕೊಡುವುದೆಲ್ಲ ಅಲಿಪೇ, ವೀಚಾಟ್ ಎಂಬ ಫೋನ್ ಆ್ಯಪ್‌ಗಳ ಮೂಲಕ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡನ್ನು ಅವಕ್ಕೆ ಇಲ್ಲಿಂದಲೇ ಜೋಡಿಸಿ, ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ನೀವೇ ತೆರೆದಿಡಬೇಕು. 200 ಯುವಾನ್ ದಾಟಿದ ಪಾವತಿಗೆ ನೂರಕ್ಕೆ ಮೂರರಷ್ಟು ಶುಲ್ಕ ಬೀಳುತ್ತದೆ. ಒಟಿಪಿ ಬರಲು ಭಾರತದ ಸಿಮ್‌ನಲ್ಲಿ ರೋಮಿಂಗ್ ಇರಲೇಬೇಕು. ವಾಟ್ಸ್ಆ್ಯಪ್, ಗೂಗಲ್ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಸೊಪ್ಪಿನ ಪಲ್ಯವನ್ನೂ ಹಂದಿಕೊಬ್ಬಿನಲ್ಲಿ ಹುರಿಯುವುದುಂಟು, ಕೋಳಿ ಸಾರಿನ ಪುಡಿ ಉದುರಿಸುವುದುಂಟು, ಸಿಂಪಿ ಎಂಬ ಚಿಪ್ಪುಜೀವಿಯ ಸಾಸ್ ಬೆರೆಸುವುದುಂಟು. ಈ ಮೂರನ್ನೂ ಹೆಸರಿಸಿ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ. ಬೌದ್ಧ ದೇಗುಲಗಳ ಬಳಿಯ ಸಸ್ಯಾಹಾರಿ ಊಟದ ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಸಾಮಾನ್ಯವಾಗಿ ಹಾಕುವುದಿಲ್ಲ.

ಚೀಲಕ್ಕೆ ತೆಳು ಅಡಿಯ ಚಪ್ಪಟೆ ಬಟ್ಟೆ ಬೂಟು ಎರಡು ಜೊತೆ. ದಪ್ಪ ಅಡಿಯ ಓಟದ ಬೂಟಿನಲ್ಲಿ ಹಿಮ್ಮಡಿ ಎತ್ತರವಾಗಿ ಭಾರ ಮುಂದಕ್ಕೆ ಸರಿದು ಮಂಡಿ ನೋಯುತ್ತದೆ. ದಿನದ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ, ಚೀಗಾಂಗ್ ಶುರುಮಾಡಿದೆವೆಂದು ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮೊದಲ ವಾರ ಬೆಟ್ಟದ ಮೆಟ್ಟಿಲು ಹತ್ತುವ ಆಸೆ ತಡೆದುಕೊಳ್ಳಿ. ದಿನಕ್ಕೆ ನಾಲ್ಕೈದು ಗಂಟೆ ನಿಂತು ಅಭ್ಯಾಸ ಮಾಡುವ ಕಾಲಿಗೆ ಅದೂ ಸೇರಿದರೆ ಎರಡನೆಯ ವಾರ ಮಲಗುವ ಸರದಿ. ಶಿಖರವನ್ನು ಮೂರನೆಯ ವಾರಕ್ಕೆ ಇಟ್ಟುಕೊಳ್ಳಿ.

ಅಲ್ಲಿಂದ ಊರಿಗೆ ಹೊರಡುವ ಎರಡು ದಿನ ಮುನ್ನ ಗುರುಗಳ ಅನುಮತಿ ಕೇಳಿ ವಿಡಿಯೊ ಮಾಡಿಕೊಳ್ಳಿ. ನಿಮ್ಮ ಅಭ್ಯಾಸವನ್ನು ಅವರು ತಿದ್ದುತ್ತಿರುವುದು ಒಂದು, ಅವರೇ ನಿಧಾನವಾಗಿ ಪೂರ್ತಿ ಮಾಡಿ ತೋರಿಸುವುದು ಇನ್ನೊಂದು. ಈ ಎರಡನೆಯದನ್ನು ಎದುರಿನಿಂದ, ಪಕ್ಕದಿಂದ ತೆಗೆದರೆ ಸಾಲದು, ಬೆನ್ನ ಹಿಂದಿನಿಂದಲೂ ತೆಗೆಯಿರಿ. ಮನೆಯಲ್ಲಿ ಅದನ್ನು ಹಾಕಿಕೊಂಡು ಗುರುಗಳ ಹಿಂದೆ ನಿಂತಂತೆ ಮಾಡುವಾಗ ಎಡ ಬಲ ಅದಲುಬದಲಾಗುವುದಿಲ್ಲ.

ನಮಸ್ಕಾರ.