ಮಗು ತೀರಿಹೋದ ಮನೆಯಲ್ಲಿ ಪ್ರಶ್ನೆ ಕೇಳುವುದು ಹೇಗೆ?

[ನಿರೂಪಕಿ, ಕ್ಯಾಮೆರಾ ಎದುರು]

ನಮಸ್ಕಾರ. ರಾತ್ರಿ ಹಾಲು ಕುಡಿದು ಮಲಗಿದ ಮೂರು ತಿಂಗಳ ಮಗು ಬೆಳಿಗ್ಗೆ ಏಳಲಿಲ್ಲ ಅಂದುಕೊಳ್ಳಿ. ಅಮೆರಿಕದಲ್ಲಾದರೆ ಪೊಲೀಸರ ಜೊತೆ ಮೆಡಿಕಲ್ ಎಕ್ಸಾಮಿನರ್ ಅಥವಾ ಕೊರೋನರ್, ಅಂದರೆ ಸಾವಿನ ಕಾರಣ ಪತ್ತೆ ಮಾಡುವ ಅಧಿಕಾರಿಯ ಕಚೇರಿಯಿಂದ ತನಿಖಾಧಿಕಾರಿಯೂ ಬರುತ್ತಾರೆ. ಕೆಲವು ಕಡೆ ಅವರು ಫೊರೆನ್ಸಿಕ್ ನರ್ಸ್, ಅಂದರೆ ಇಂಥ ತನಿಖೆಗೆ ತರಬೇತಿ ಪಡೆದ ನರ್ಸ್ ಆಗಿರುತ್ತಾರೆ. ಕೆನಡಾದ ಆಲ್ಬರ್ಟಾದಲ್ಲಿ 1970ರ ದಶಕದಲ್ಲೇ ನರ್ಸ್‌ಗಳನ್ನು ಈ ಕೆಲಸಕ್ಕೆ ತೆಗೆದುಕೊಂಡಿದ್ದರು.

ಆ ನರ್ಸ್ ತಾಯಿಯ ಕೈಗೆ ಒಂದು ಗೊಂಬೆ ಕೊಡುತ್ತಾರೆ. ಮಗುವನ್ನು ಹೇಗೆ ಮಲಗಿಸಿದ್ದಿರಿ, ಆಮೇಲೆ ನೋಡಿದಾಗ ಹೇಗಿತ್ತು, ತೋರಿಸಿ ಎನ್ನುತ್ತಾರೆ.

ಕೇಳಿದರೇ ಹೊಟ್ಟೆ ಹಿಂಡುತ್ತದೆ, ಅಲ್ವಾ? ಆದರೂ ಇದನ್ನು ಬಿಡುವ ಹಾಗಿಲ್ಲ. ದಿಂಬಿಗೆ ಮುಖ ಒತ್ತಿ ಉಸಿರು ಕಟ್ಟಿತೋ, ಅಥವಾ ಕಾರಣವೇ ಸಿಗದ ಸಾವೋ ಎಂದು ಬರೀ ಪೋಸ್ಟ್‌ಮಾರ್ಟಂನಿಂದ ಹೇಳಲು ಆಗದೇ ಇರಬಹುದು. ಮಲಗಿದ್ದ ಜಾಗ, ಹಾಸಿಗೆ, ಹೊದಿಕೆ ಎಲ್ಲವೂ ಗೊತ್ತಾಗಬೇಕು. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಇದಕ್ಕೆಂದೇ 1996ರಲ್ಲಿ ಒಂದು ಫಾರಂ ತಂದಿತು, 2006ರಲ್ಲಿ ಅದನ್ನು ತಿದ್ದಿತು.

[ಪರದೆ ಮೇಲೆ: ಮೊದಲು ಹೇಳಿ, ಆಮೇಲೆ ತೋರಿಸಿ]

ಗೊಂಬೆಯನ್ನು ದಿಢೀರನೆ ಬ್ಯಾಗಿನಿಂದ ತೆಗೆಯಬಾರದು. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ಮೊದಲೇ ಹೇಳಬೇಕು. ಬೇಡ ಅನ್ನಿಸಿದರೆ ನಿಲ್ಲಿಸಬಹುದು ಎಂದೂ ಹೇಳಬೇಕು. ಗೊಂಬೆಯನ್ನು ಕಾಲು ಹಿಡಿದು ನೇತಾಡಿಸುವಂತಿಲ್ಲ. ಮಗುವನ್ನು ಎತ್ತಿಕೊಳ್ಳುವ ಹಾಗೇ ಎತ್ತಿಕೊಂಡು, ಹಾಗೇ ಕೊಡಬೇಕು. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರಿನಿಂದಲೇ ಮಾತಾಡಬೇಕು. ‘ಬಾಡಿ’ ಎನ್ನಬಾರದು.

ಪ್ರಶ್ನೆಯ ಧಾಟಿ ಇನ್ನೂ ಮುಖ್ಯ. ‘ಬೋರಲು ಯಾಕೆ ಮಲಗಿಸಿದಿರಿ?’ ಅಂದರೆ ತಾಯಿ ಅಲ್ಲೇ ಆರೋಪಿ ಆಗಿಬಿಡುತ್ತಾಳೆ, ಬಾಯಿ ಕಟ್ಟಿಹೋಗುತ್ತದೆ. ‘ನಿಮಗೆ ನೆನಪಿರುವಷ್ಟು ಹೇಳಿ, ಎಲ್ಲಿಂದ ಬೇಕಾದರೂ ಶುರು ಮಾಡಿ’ ಅಂದರೆ ಮಾತು ಬರುತ್ತದೆ. ಆಘಾತದಲ್ಲಿರುವವರ ನೆನಪು ಸಾಲಾಗಿ ಬರುವುದಿಲ್ಲ. ಆಂಬುಲೆನ್ಸ್ ಸದ್ದು ನೆನಪಿರುತ್ತದೆ, ಗಂಟೆ ಎಷ್ಟು ಅನ್ನುವುದು ಮರೆತಿರುತ್ತದೆ. ಒಬ್ಬರು ಅಳುವುದೇ ಇಲ್ಲ, ಇನ್ನೊಬ್ಬರು ಸುಮ್ನೆ ಪಾತ್ರೆ ತೊಳೆಯುತ್ತಾ ನಿಂತಿರುತ್ತಾರೆ. ಅದನ್ನು ನೋಡಿ ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ.

ನನಗೆ ಮುಖ್ಯ ಅನ್ನಿಸುವುದು ಇದೇ. ಮೆದುವಾಗಿ ಕೇಳಿದರೆ ತನಿಖೆ ದುರ್ಬಲವಾಗುವುದಿಲ್ಲ. ಹೆದರಿದ ಮನುಷ್ಯ ಕೇಳುವವರಿಗೆ ಬೇಕಾದ ಉತ್ತರ ಕೊಟ್ಟುಬಿಡಬಹುದು, ಅದರಿಂದ ಸಾವಿನ ಕಾರಣವೇ ತಪ್ಪಾಗಿ ದಾಖಲಾಗಬಹುದು. ಅದೇ ರೀತಿ, ನಿಜವಾಗಿಯೂ ಹಿಂಸೆ ನಡೆದಿದ್ದರೆ ತಾಳ್ಮೆಯಿಂದ ಬರೆದುಕೊಂಡ ವಿವರವೇ ಕೋರ್ಟಿನಲ್ಲಿ ನಿಲ್ಲುತ್ತದೆ.

ಆ ನರ್ಸ್ ಕೂಡ ಇದನ್ನೆಲ್ಲ ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ. ಮಗುವಿನ ಕೇಸ್ ಆದ ಮೇಲೆ ಸಹೋದ್ಯೋಗಿಗಳ ಜೊತೆ ಕೂತು ಮಾತಾಡಲು ಡ್ಯೂಟಿ ಸಮಯದಲ್ಲೇ ಅವಕಾಶ ಇರಬೇಕು, ರಜೆ ದಿನದಲ್ಲಲ್ಲ.

[ಪರದೆ ಮೇಲೆ: ನಮ್ಮಲ್ಲಿ?]

ನಮ್ಮಲ್ಲಿ ಅಸಹಜ ಸಾವಿನ ತನಿಖೆ ಪೊಲೀಸರದ್ದು, ಕೆಲವು ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರದ್ದು. 2024ರ ಜುಲೈಯಿಂದ ಪೊಲೀಸರ ಈ ತನಿಖೆ ಬಿಎನ್‌ಎಸ್‌ಎಸ್, ಅಂದರೆ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನಿನ 194ನೇ ಸೆಕ್ಷನ್ ಅಡಿ ನಡೆಯುತ್ತದೆ. ನರ್ಸ್‌ಗೆ ಅದರಲ್ಲಿ ತನಿಖೆ ಮಾಡುವ ಪಾತ್ರ ಇಲ್ಲ. ಆದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್ ಬಂದಾಗ ಮನೆಯವರ ಪಕ್ಕದಲ್ಲಿ ಮೊದಲು ನಿಲ್ಲುವವರು ಕ್ಯಾಶುಯಲ್ಟಿಯ ಸಿಸ್ಟರ್ ತಾನೇ? ನೀವು ಆ ಸಿಸ್ಟರ್ ಆಗಿದ್ದರೆ, ಮನೆಯವರನ್ನು ಒಂದು ಕಡೆ ಕೂರಿಸಿ. ‘ತೀರಿಕೊಂಡಿದ್ದಾರೆ’ ಎಂದು ಡಾಕ್ಟರ್ ನೇರವಾಗಿ ಹೇಳುವಾಗ ಜೊತೆಗಿರಿ. ಪೊಲೀಸರು ಯಾಕೆ ಬರುತ್ತಾರೆ, ಪೋಸ್ಟ್‌ಮಾರ್ಟಂ ಎಲ್ಲಿ ಮಾಡುತ್ತಾರೆ, ದೇಹ ಕೊಡುವವರೆಗೆ ಎಲ್ಲಿ ಕಾಯಬೇಕು ಎಂದು ತಿಳಿಸಿ. ಕೇಳಿಸಿಕೊಂಡಂತೆ ಕಾಣದಿದ್ದರೆ ಇನ್ನೊಮ್ಮೆ ಹೇಳಿ, ಒಂದು ಚೀಟಿಯಲ್ಲಿ ಬರೆದೂ ಕೊಡಿ.