ಒಂದು ಅಡಿ ಎಂದರೆ ಎಷ್ಟು ನೀರು?

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಚಿತ್ರ ಬರೆಯುವುದರ ಬಗ್ಗೆ ಮಾತಾಡಬೇಕು. ಅದೂ ರೇಡಿಯೋದಲ್ಲಿ! ನಿಮಗೆ ನಗು ಬಂದರೆ ತಪ್ಪಿಲ್ಲ. ಆದರೆ ಈ ವಿಷಯಕ್ಕೆ ಇದೇ ಸರಿಯಾದ ಜಾಗ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಸಿಂಧನೂರಿನಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಡುವವಳು. ಕೆಲವು ವರ್ಷಗಳ ಹಿಂದೆ ನನಗೊಂದು ಗೀಳು ಹತ್ತಿತು. ಸರ್ಕಾರದ ಅಂಕಿಅಂಶ ತೆಗೆದುಕೊಂಡು ಚಿತ್ರ ಮಾಡಿ ಜನರಿಗೆ ತೋರಿಸುವುದು. ಅಂಕಿಗಳಿಗೇನೂ ಬರವಿಲ್ಲ. ಯಾರೂ ಕೇಳದಿದ್ದರೂ ಕಚೇರಿಗಳು ತಾವೇ ಮಾಹಿತಿ ಹೊರಗಿಡಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ಡೇಟಾ ಡಾಟ್ ಗವ್ ಡಾಟ್ ಇನ್ ಅಂತ ಒಂದು ತಾಣವನ್ನೇ ತೆರೆಯಿತು. ಹೋಬಳಿವಾರು ಮಳೆ ಎಷ್ಟಾಯಿತು ಅನ್ನುವುದು ಸಿಗುತ್ತದೆ. ತುಂಗಭದ್ರಾ ಡ್ಯಾಮಿನ ಮಟ್ಟವಂತೂ ದಿನಾ ಸಿಗುತ್ತದೆ.

ಆ ಡ್ಯಾಮಿನ ಲೆಕ್ಕವನ್ನೇ ಹಿಡಿದುಕೊಂಡು ಮೊದಲ ಸಲ ಮಾನ್ವಿ ಕಡೆಯ ಒಂದು ಊರಿಗೆ ಹೋದೆ. ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ಕಟ್ಟೆಯ ಮೇಲೆ ಹಾಳೆ ಹರಡಿದೆ. ದುಂಡಗಿನ ಪೈ ಚಿತ್ರ, ಹನ್ನೊಂದು ಹೋಳು, ಹನ್ನೊಂದು ಬಣ್ಣ. ರಾತ್ರಿಯೆಲ್ಲ ಕೂತು ಮಾಡಿದ್ದು. ಹಿರಿಯರೊಬ್ಬರು ಬಗ್ಗಿ ನೋಡಿದರು. "ಯವ್ವಾ, ರೊಟ್ಟಿ ಚಲೋ ಹರದೀರಿ. ಇದರಾಗ ನಮ್ಮ ತುಣುಕು ಯಾವುದು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಕಿ ಒಂದೂ ತಪ್ಪಿರಲಿಲ್ಲ, ನೋಡಿ. ಆದರೆ ಅವರು ಕೇಳದ ಪ್ರಶ್ನೆಗೆ ನಾನು ಉತ್ತರ ಬರೆದುಕೊಂಡು ಹೋಗಿದ್ದೆ. ಅವರಿಗೆ ಬೇಕಾಗಿದ್ದು ಒಂದೇ ಮಾತು. ಈ ವಾರ ಕಾಲುವೆಯ ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ? ಹೋದ ವಾರಕ್ಕಿಂತ ಏರಿದೆಯೋ, ಇಳಿದಿದೆಯೋ? ಅದಕ್ಕೆ ಹನ್ನೊಂದು ಬಣ್ಣ ಯಾಕೆ? ಒಂದು ಗೆರೆ ಸಾಕು.

ಅವತ್ತಿನಿಂದ ಹುಡುಗರಿಗೆ ಮೊದಲು ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ಯಾರು ಕೇಳುತ್ತಿದ್ದಾರೆ, ಏನು ಕೇಳುತ್ತಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ ಅನ್ನುತ್ತೇನೆ. ಮುಖ ಸಿಂಡರಿಸುತ್ತಾರೆ. ಇರಲಿ.

ಈಗ ಡ್ಯಾಮಿನ ಲೆಕ್ಕಕ್ಕೇ ಬರೋಣ. ಚಿತ್ರ ಬರೆಯುವುದು ಎಷ್ಟು ಸೂಕ್ಷ್ಮ ಅಂತ ನನಗೆ ಕಲಿಸಿದ್ದು ಅದೇ. ತುಂಗಭದ್ರೆ ಪೂರ್ತಿ ತುಂಬಿದರೆ 1633 ಅಡಿ. ಇದು ನದಿಯ ತಳದಿಂದ ಅಳೆದದ್ದಲ್ಲ, ಸಮುದ್ರ ಮಟ್ಟದಿಂದ ಅಳೆದದ್ದು. ಕಂಬದ ಚಿತ್ರ ಬರೆಯುವಾಗ ಸೊನ್ನೆಯಿಂದ ಶುರು ಮಾಡಬೇಕು ಅಂತ ಎಲ್ಲರೂ ಕಲಿಸುತ್ತಾರೆ, ನಾನೂ ಕಲಿಸುತ್ತೇನೆ. ಒಳ್ಳೆಯ ನಿಯಮವೇ. ಆದರೆ 1633 ಅಡಿಗೆ ಒಂದು ಕಂಬ, 1613 ಅಡಿಗೆ ಇನ್ನೊಂದು ಕಂಬ, ಎರಡನ್ನೂ ಸೊನ್ನೆಯಿಂದ ಎಬ್ಬಿಸಿ ನೋಡಿ. ಅವಳಿ ಜವಳಿ ಇದ್ದ ಹಾಗೆ ಕಾಣುತ್ತವೆ. ಇಪ್ಪತ್ತು ಅಡಿ ನೀರು ಖಾಲಿಯಾದರೂ ಚಿತ್ರದಲ್ಲಿ ಏನೂ ಆಗಿಲ್ಲ! ಆ ಸೊನ್ನೆ ಸಮುದ್ರದ್ದು, ನಮ್ಮ ಡ್ಯಾಮಿನದ್ದಲ್ಲ.

ಹಾಗಾದರೆ ಅಡಿ ಬಿಟ್ಟು ಟಿಎಂಸಿ ಹಿಡಿಯಬೇಕು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಡ್ಯಾಮ್ ಎಂದರೆ ಬೋಗುಣಿ ಇದ್ದ ಹಾಗೆ, ಮೇಲೆ ಅಗಲ, ಕೆಳಗೆ ಇಕ್ಕಟ್ಟು. ತುಂಬಿದಾಗ ಮೇಲಿನ ಒಂದು ಅಡಿಯಲ್ಲೇ ಮೂರೂವರೆಯಿಂದ ನಾಲ್ಕು ಟಿಎಂಸಿ ನೀರಿರುತ್ತದೆ. ತಳದ ಒಂದು ಅಡಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಇನ್ನೊಂದು ವಿಷಯ. 1953ರಲ್ಲಿ ಡ್ಯಾಮಿನಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಅದರ ಹೊಟ್ಟೆ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಬಂದಿದೆ. ಅವತ್ತೂ 1633 ಅಡಿ, ಇವತ್ತೂ 1633 ಅಡಿ. ಬರೀ ಅಡಿಯ ಗೆರೆ ಎಳೆದರೆ ಹೂಳು ಕಾಣುವುದೇ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ಚಹಾದ ಅಂಗಡಿಯಲ್ಲೂ ಕ್ಯೂಸೆಕ್ಕಿನದೇ ಮಾತು. ಒಬ್ಬರು ಕ್ಯೂಸೆಕ್ ಅಂದರೆ ಇನ್ನೊಬ್ಬರು ಟಿಎಂಸಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರಿನ ಹರಿವು. ಎರಡಕ್ಕೂ ಸೇತುವೆ ಸರಳ. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಅಂದರೆ ದಿನಕ್ಕೆ ಎಂಟೂವರೆ ಟಿಎಂಸಿಗೂ ಜಾಸ್ತಿ. ಒಳಹರಿವು ಪೂರ್ತಿ ನಿಂತರೆ ತುಂಬಿದ ಡ್ಯಾಮ್ ಹನ್ನೆರಡು ದಿನಕ್ಕೆ ಬರಿದು. ಇಷ್ಟು ಹೇಳಿದರೆ ಆ ದೊಡ್ಡ ಅಂಕಿಗೆ ಒಂದು ಅಳತೆ ಸಿಗುತ್ತದೆ, ಅಲ್ವಾ?

ಈಗ ರೇಡಿಯೋ ಯಾಕೆ ಅಂತ ಹೇಳುತ್ತೇನೆ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯಲ್ಲಿ ಗಂಡಸರ ಸಾಕ್ಷರತೆ ಶೇಕಡಾ 70.47, ಹೆಂಗಸರದ್ದು 48.73. ಹೀಗೆ ಓದಿದರೆ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತದೆ. ಹತ್ತು ಗಂಡಸರನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಹತ್ತು ಹೆಂಗಸರನ್ನು ಎದುರು ಸಾಲಿನಲ್ಲಿ. ಓದು ಬಲ್ಲವರು ಕೂತುಕೊಳ್ಳಿ ಅನ್ನಿ. ಅಲ್ಲಿ ಮೂವರು ನಿಂತೇ ಇರುತ್ತಾರೆ, ಇಲ್ಲಿ ಐವರು. ಈಗ ನಿಮ್ಮ ಕಣ್ಣಿಗೆ ಚಿತ್ರ ಬಂತು. ನಾನೇನೂ ಬರೆಯಲಿಲ್ಲ.

ಇದನ್ನೇ ತರಗತಿಯಲ್ಲಿ ಆಟ ಮಾಡಿದ್ದೇವೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬ ತನ್ನ ಚಿತ್ರವನ್ನು ಬಾಯಲ್ಲಿ ಹೇಳಬೇಕು, ಇನ್ನೊಬ್ಬ ಕೇಳಿ ಬರೆಯಬೇಕು. ಕೇಳಿದವನ ಗೆರೆ ಸುಮಾರಾಗಿ ಹೋಲಿದರೆ ಪಾಸು. ಹನ್ನೊಂದು ಹೋಳಿನ ರೊಟ್ಟಿ ಇಲ್ಲಿ ಯಾವಾಗಲೂ ಫೇಲು.

ಗಡಿಗಳ ತಮಾಷೆಯೂ ಉಂಟು. ರಾಯಚೂರು ಜಿಲ್ಲೆಯ ಭತ್ತದ ಪ್ರದೇಶದ ಗೆರೆ ಎಳೆದ ಹುಡುಗನೊಬ್ಬ ಓಡಿ ಬಂದ. "ಮೇಡಂ, 1997 ಆದಮೇಲೆ ಇಲ್ಲಿ ಏನೋ ಅನಾಹುತ ಆಗೇದ!" ಅನಾಹುತ ಏನಿಲ್ಲ. ಆ ವರ್ಷ ಕೊಪ್ಪಳ ಬೇರೆ ಜಿಲ್ಲೆಯಾಯಿತು, ಗಂಗಾವತಿಯ ಭತ್ತ ಅದರ ಜೊತೆ ಹೋಯಿತು. ಬಳ್ಳಾರಿಯ ಗೆರೆಯೂ ಹೀಗೇ 2021ರಲ್ಲಿ ಬೀಳುತ್ತದೆ, ವಿಜಯನಗರ ಜಿಲ್ಲೆ ಆಗಿದ್ದಕ್ಕೆ. ಮಸ್ಕಿ, ಸಿರವಾರ, ಕಾರಟಗಿ ತಾಲ್ಲೂಕುಗಳನ್ನು 2011ರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಬಳ್ಳಾರಿಯ ಕಾಗುಣಿತವೂ 2014ರಲ್ಲಿ ಬದಲಾಯಿತು. ಕಂಪ್ಯೂಟರಿಗೆ ಅವು ಎರಡು ಬೇರೆ ಬೇರೆ ಊರು.

ಇನ್ನು ಪಿಡಿಎಫ್. ಅಯ್ಯೋ! 'ನುಡಿ' ಅನ್ನುವ ಹಳೆಯ ಫಾಂಟಿನ ಕಡತದಿಂದ ಕನ್ನಡ ನಕಲು ಮಾಡಿ ಅಂಟಿಸಿದರೆ ಬರುವುದು ಬರೀ ಕಾಗೆ ಕಾಲು ಗುಬ್ಬಿ ಕಾಲು. ಸ್ಕ್ಯಾನ್ ಮಾಡಿದ ಹಾಳೆಯಾದರೆ ಅದೂ ಇಲ್ಲ. ಎಲ್ಲರ ಕಣ್ಣೆದುರಿಗೇ ಇದೆ, ಯಾರಿಗೂ ಓದಲು ಬರುವುದಿಲ್ಲ. ನಮ್ಮ ಮಸ್ಕಿಯ ಅಶೋಕನ ಶಾಸನಕ್ಕೂ ಹೀಗೇ ಆಗಿತ್ತು. ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಅಂತ ಆ ಬಂಡೆಯಲ್ಲೇ ಕೆತ್ತಿಸಿದ್ದಾನೆ. ಕಾಲ ಕಳೆದಂತೆ ಬ್ರಾಹ್ಮಿ ಲಿಪಿ ಓದುವವರೇ ಇಲ್ಲದಾದರು. 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಲಿಪಿಯ ಗುಟ್ಟು ಬಿಡಿಸಿದ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಈ ಬಂಡೆಯನ್ನು ಕಂಡ. ಇಂಥ ಶಾಸನಗಳಲ್ಲಿ ಬರುವ ರಾಜನ ಬಿರುದು ದೇವಾನಾಂಪ್ರಿಯ ಅಂದರೆ ಅಶೋಕನೇ ಅನ್ನುವುದು ಆಗಲೇ ಗಟ್ಟಿಯಾಯಿತು.

ಕೊನೆಗೆ, ಆ ಕಟ್ಟೆಯ ಊರಿಗೆ ನಾವು ಮತ್ತೆ ಹೋದೆವು. ಈ ಸಲ ಹಾಳೆ ಇರಲಿಲ್ಲ. ಹುಡುಗರು ಒಂದು ತಿಂಗಳು ದಿನಾ ಬೆಳಿಗ್ಗೆ ಹೋಗಿ ಊರ ಉಪಕಾಲುವೆಯ ಗೇಜ್ ತಾವೇ ನೋಡಿ ಬರೆದುಕೊಂಡಿದ್ದರು. ಗುಡಿಯ ಪಕ್ಕದ ಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಒಂದೇ ಗೆರೆ ಎಳೆದರು. ಅದೇ ಹಿರಿಯರು ಬಂದರು. ಎಡದಿಂದ ಬಲಕ್ಕೆ ಬೆರಳು ಓಡಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. "ಈ ಎರಡು ದಿನ ಕಾಲುವಿ ಬಂದ್ ಇತ್ತು. ನೀವು ನೀರು ಬಿಟ್ಟೀರಿ."

ಹುಡುಗರು ನನ್ನ ಮುಖ ನೋಡಿದರು. ಆ ಎರಡು ದಿನ ಅವರಿಗೆ ಪರೀಕ್ಷೆ ಇತ್ತು, ಗೇಜ್ ನೋಡಲು ಯಾರೂ ಹೋಗಿರಲಿಲ್ಲ. ಹಿಂದಿನ ದಿನದ ಚುಕ್ಕೆಗೂ ಮುಂದಿನ ದಿನದ ಚುಕ್ಕೆಗೂ ಸುಮ್ನೆ ಗೆರೆ ಸೇರಿಸಿಬಿಟ್ಟಿದ್ದರು. ಕಂಪ್ಯೂಟರ್ ಕೂಡ ಕೇಳದೇ ಹಾಗೆ ಸೇರಿಸುವುದುಂಟು.

ಒಬ್ಬ ಹುಡುಗಿ ಸುಣ್ಣದ ಬುಟ್ಟಿ ತಂದು ಅಷ್ಟು ಗೆರೆಯನ್ನು ಅಳಿಸಿದಳು. ಈಗಲೂ ಆ ಗೋಡೆಯ ಮೇಲೆ ಎರಡು ದಿನದಷ್ಟು ಜಾಗ ಬಿಳಿಯಾಗಿಯೇ ಇದೆ.

ನಮಸ್ಕಾರ.