ಕಾರಿನ ಮ್ಯಾಪಲ್ಲಿ ಕೆಂಪು ಗೆರೆ: ಅದು ಬರೋದು ಎಲ್ಲಿಂದ, ನಂಬೋದು ಎಷ್ಟು?

ಈಗ ಸ್ಕ್ರೀನಲ್ಲಿ ಕಾಣ್ತಿರೋದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್, ಸಂಜೆ ಆರೂವರೆ ಹೊತ್ತು. ಹೊಸೂರು ರಸ್ತೆ ಕಡುಗೆಂಪು, ರಿಂಗ್ ರೋಡ್ ಕಿತ್ತಳೆ, ಪಕ್ಕದ ಬಡಾವಣೆಯ ಒಳರಸ್ತೆ ಮಾತ್ರ ಹಸಿರು. ಹಸಿರು ಕಂಡ ಕಡೆ ಸ್ಟೇರಿಂಗ್ ತಿರುಗಿಸೋ ಮುಂಚೆ ಒಂದು ನಿಮಿಷ ಕೇಳಿ.

ಟ್ರಾಫಿಕ್ ತೋರಿಸೋ ಈ ಬಣ್ಣಕ್ಕೆ ಮುಖ್ಯ ಆಧಾರ ಸಿಗ್ನಲ್ ಕಂಬದ ಕ್ಯಾಮೆರಾ ಅಲ್ಲ, ರಸ್ತೆ ಮೇಲಿರೋ ಜನರ ಫೋನು. ಲೊಕೇಶನ್ ಆನ್ ಆಗಿರೋ ಫೋನುಗಳು ಎಲ್ಲಿವೆ, ಎಷ್ಟು ವೇಗದಲ್ಲಿ ಸಾಗ್ತಿವೆ ಅನ್ನೋ ಮಾಹಿತಿ ಮ್ಯಾಪ್ ಕಂಪನಿಯ ಸರ್ವರ್‌ಗೆ ಹೋಗುತ್ತೆ. ರಸ್ತೆಯನ್ನ ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿನ ಸರಾಸರಿ ವೇಗ ಲೆಕ್ಕ ಹಾಕಿ, ಆ ರಸ್ತೆ ಖಾಲಿ ಇದ್ದಾಗಿನ ವೇಗದ ಜೊತೆ ಹೋಲಿಸ್ತಾರೆ. ಹಾಗಾಗಿ ಗಂಟೆಗೆ 25 ಕಿ.ಮೀ. ಅನ್ನೋದು ಬಡಾವಣೆಯ ಅಡ್ಡರಸ್ತೆಯಲ್ಲಿ ಹಸಿರಾಗಬಹುದು, ಏರ್‌ಪೋರ್ಟ್ ರಸ್ತೆಯಲ್ಲಿ ಕೆಂಪಾಗಬಹುದು.

2020ರಲ್ಲಿ ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ 99 ಫೋನುಗಳನ್ನ ಒಂದು ಪುಟ್ಟ ಕೈಗಾಡಿಯಲ್ಲಿ ಹಾಕ್ಕೊಂಡು ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಳ್ಕೊಂಡು ಹೋದ್ರು. ಗೂಗಲ್ ಮ್ಯಾಪ್ಸ್‌ನಲ್ಲಿ ಆ ರಸ್ತೆ ಕೆಂಪಾಯ್ತು. ಮ್ಯಾಪಿಗೆ ಕಾರು ಕಾಣಲ್ಲ, ಫೋನು ಮಾತ್ರ ಕಾಣುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ನಮ್ಮೂರಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಕಾರುಗಳು ನಿಂತಲ್ಲೇ ನಿಂತಿದ್ರೂ ಬೈಕುಗಳು ಸಂದೀಲಿ ನುಗ್ಗಿ ಹೋಗ್ತಾವೆ. ಎರಡೂ ವೇಗ ಬೆರೆತ್ರೆ ಜಾಮ್ ಮರೆಯಾಗುತ್ತೆ. ಅದಕ್ಕೇ ಭಾರತದಲ್ಲಿ ಕಾರು, ಬೈಕುಗಳನ್ನ ಗೂಗಲ್ ಬೇರೆ ಬೇರೆಯಾಗಿ ಗುರುತಿಸುತ್ತೆ. ಡ್ಯಾಶ್‌ಬೋರ್ಡ್ ಮೇಲೆ ಫೋನ್ ಇಟ್ಟು ಓಡಿಸೋರು ಮ್ಯಾಪ್ ಟೂ ವೀಲರ್ (ಬೈಕಿನ ದಾರಿ) ಮೋಡ್‌ನಲ್ಲಿ ಉಳಿದಿದೆಯಾ ಅಂತ ನೋಡ್ಕೊಳ್ಳಿ. ಉಳಿದಿದ್ರೆ ಕಾರು ಹಿಡಿಯದ ಗಲ್ಲಿಗೂ ಕರ್ಕೊಂಡು ಹೋಗಬಹುದು.

ಈಗ ಮ್ಯಾಪ್ ದೊಡ್ಡದು ಮಾಡ್ತೀನಿ. ಇದು ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ, ಸುಮಾರು 10 ಕಿ.ಮೀ. ಉದ್ದ, ಅದರ ಕೆಳಗೇ ಹೊಸೂರು ರಸ್ತೆ. ಬಯಲಲ್ಲೂ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತೆ. ಎಷ್ಟು ಎತ್ತರದಲ್ಲಿದ್ದೀರಿ ಅನ್ನೋ ಲೆಕ್ಕದಲ್ಲಿ ತಪ್ಪು ಇನ್ನೂ ಹೆಚ್ಚು. ನೀವು ಕೆಳಗೆ ಬಸ್ಸಿನ ಹಿಂದೆ ನಿಂತಿರ್ತೀರಿ, ಬಾಣದ ಗುರುತು ಮೇಲೆ ಓಡ್ತಿದೆ ಅಂತ ಮ್ಯಾಪ್ ಅಂದ್ಕೊಂಡಿರುತ್ತೆ. ರಿಂಗ್ ರೋಡಿನ ಸರ್ವಿಸ್ ರೋಡಲ್ಲೂ ಇದೇ ಗೋಳು. ಮೇಲ್ಸೇತುವೆ ಹತ್ತಬೇಕಾ ಬೇಡವಾ ಅಂತ ಹೇಳೋ ಸೂಚನೆಯನ್ನ ಗೂಗಲ್ 2024ರಲ್ಲಿ ಭಾರತದ ನಗರಗಳಿಗೆ ತಂತು. ಆದ್ರೂ ರ‍್ಯಾಂಪ್ ಬರೋಕೆ ಮುಂಚೆ ನಿಮ್ಮ ಕಣ್ಣಿಗೆ ಕಾಣೋ ಬೋರ್ಡನ್ನೇ ನಂಬಿ.

ಇನ್ನು ಆ ಹಸಿರು ಒಳರಸ್ತೆ. ಅಲ್ಲಿ ಓಡಾಡೋ ಫೋನುಗಳು ಕಮ್ಮಿ, ಹಾಗಾಗಿ ಬಣ್ಣದಲ್ಲಿ ಈ ಕ್ಷಣದ ಮಾಹಿತಿಗಿಂತ ಹಿಂದಿನ ದಿನಗಳ ಅಂದಾಜು ಜಾಸ್ತಿ ಇರಬಹುದು. ಬೆಳಿಗ್ಗೆ ಜಲಮಂಡಳಿಯವರು ಅಗೆದ ಗುಂಡಿ ಅದಕ್ಕೆ ಗೊತ್ತಿರಲ್ಲ. ದೊಡ್ಡ ರಸ್ತೆಯಲ್ಲೂ ಜಾಮ್ ಶುರುವಾಗಿ ಬಣ್ಣ ಬದಲಾಗೋಕೆ ಕೆಲವು ನಿಮಿಷ ಹಿಡಿಯುತ್ತೆ. ಅದಕ್ಕೇ ಬಣ್ಣಕ್ಕಿಂತ ತಲುಪೋ ಸಮಯ ನೋಡಿ. ಅದರಲ್ಲಿ ಈಗಿನ ವೇಗದ ಜೊತೆಗೆ, ಹಿಂದಿನ ವಾರಗಳಲ್ಲಿ ಇದೇ ದಿನ ಇದೇ ಹೊತ್ತಲ್ಲಿ ಮುಂದಿನ ದಾರೀಲಿ ಏನಾಗ್ತಿತ್ತು ಅನ್ನೋ ಲೆಕ್ಕಾನೂ ಸೇರಿರುತ್ತೆ. ಬದಲಿ ದಾರೀಲಿ ಉಳಿಯೋದು ಎರಡೇ ನಿಮಿಷ ಅಂದ್ರೆ ದೊಡ್ಡ ರಸ್ತೆ ಬಿಡಬೇಡಿ.

ಕಾರಿನ ಸ್ಕ್ರೀನಲ್ಲಿ ಬಣ್ಣವೇ ಇಲ್ಲ ಅಂದ್ರೆ, ಮೊದಲು ಮ್ಯಾಪಿನ ಸೆಟ್ಟಿಂಗ್ಸಲ್ಲಿ ಟ್ರಾಫಿಕ್ ಆನ್ ಇದೆಯಾ ನೋಡಿ. ಆಪಲ್ ಮ್ಯಾಪ್ಸ್ ಆದ್ರೆ ಗಾಬರಿ ಬೇಡ, ಅದರಲ್ಲಿ ಹಸಿರೇ ಇಲ್ಲ, ನಿಧಾನ ಇದ್ರೆ ಮಾತ್ರ ಕಿತ್ತಳೆ ಅಥವಾ ಕೆಂಪು ಬರುತ್ತೆ. ಆಮೇಲೆ ಡೇಟಾ: ಡೌನ್‌ಲೋಡ್ ಮಾಡಿಟ್ಟ ಮ್ಯಾಪ್ ನೆಟ್ ಇಲ್ಲದೆ ದಾರಿ ತೋರಿಸುತ್ತೆ, ಟ್ರಾಫಿಕ್ ತೋರಿಸಲ್ಲ. ಕಾರಿನದೇ ಮ್ಯಾಪ್ ಆಗಿದ್ರೆ ಕಾರಿಗೆ ನೆಟ್ ಕೊಡೋ ಕನೆಕ್ಟೆಡ್ ಸೇವೆಯ ಅವಧಿ ಮುಗಿದಿರಬಹುದು. ಮ್ಯಾಪ್ ಉಳಿಯುತ್ತೆ, ಬಣ್ಣ ಹೋಗುತ್ತೆ. ಫೋನಿನ ಹಾಟ್‌ಸ್ಪಾಟಲ್ಲಿ ನೆಟ್ ಪಡೆಯೋ ಕಾರುಗಳಲ್ಲಿ ಇನ್ನೊಂದು ಸಣ್ಣ ಕಾರಣ ಇದೆ. ಪೆಟ್ರೋಲ್ ಬಂಕಲ್ಲಿ ಕಾರು ಆಫ್ ಮಾಡಿದಾಗ ಹಾಟ್‌ಸ್ಪಾಟ್ ತಾನಾಗೇ ನಿಂತಿರಬಹುದು. ಬಂಕಿಂದ ಆಚೆ ಬಂದು, ಗಾಡಿ ಪಕ್ಕಕ್ಕೆ ನಿಲ್ಲಿಸಿ, ಅದನ್ನ ಮತ್ತೆ ಆನ್ ಮಾಡ್ಕೊಂಡೇ ಹೊರಡಿ.